ಬೆಂಕಿಗೂ ಮೊದಲೇ ಮುಚ್ಚಿಹೋದ ಪುಸ್ತಕಗಳು

ಪುಸ್ತಕಗಳನ್ನು ಸುಡುವ ಸರ್ಕಾರವೊಂದರ ಕಥೆ ಎಂದು ಒಂದೇ ಸಾಲಿನಲ್ಲಿ ಪರಿಚಯ ಮಾಡಿಕೊಟ್ಟು ಮುಗಿಸಿಬಿಡುವ ಕಾದಂಬರಿಗಳಲ್ಲಿ ಅಮೆರಿಕದ ಲೇಖಕ ರೇ ಬ್ರಾಡ್‌ಬರಿಯವರ ‘ಫ್ಯಾರನ್‌ಹೀಟ್ 451’ ಕೂಡ ಒಂದು. ಈ ಪರಿಚಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನೇ ನಂಬಿ ಓದಲು ಕುಳಿತವರಿಗೆ ಮೊದಲ ಭಾಗದ ಕೊನೆಯ ಹೊತ್ತಿಗೆ ಒಂದು ತೊಡಕು ಎದುರಾಗುತ್ತದೆ: ಆ ನಾಡಿನಲ್ಲಿ ಸರ್ಕಾರವು ಬೆಂಕಿ ಹಿಡಿದು ಬರುವಷ್ಟರಲ್ಲಿ ಜನ ತಾವಾಗಿಯೇ ಓದನ್ನು ಬಿಟ್ಟು ಬಹಳ ಕಾಲವಾಗಿರುತ್ತದೆ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ನಡೆಯಿತು ಎಂಬ ಈ ಅನುಕ್ರಮದಲ್ಲಿಯೇ ಕಾದಂಬರಿಯ ನಿಜವಾದ ವಾದ ಅಡಗಿದೆ. ತುಮಕೂರಿನಲ್ಲಿ ಪದವಿ ತರಗತಿಗಳಿಗೆ ಪಾಠ ಹೇಳುವ ನನಗೆ, ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಆಗಿಬಿಡುವುದು ಹೇಗೆ ಎಂಬ ಪ್ರಶ್ನೆಗೆ ಇಷ್ಟು ಬಿಚ್ಚಿ ಉತ್ತರಿಸುವ ಕಾದಂಬರಿ ಇನ್ನೊಂದು ಸಿಕ್ಕಿಲ್ಲ.

ಕಥೆಯ ಚೌಕಟ್ಟು ಸರಳವಾದದ್ದು. ಮುಂದೆಂದೋ ಬರುವ ಅಮೆರಿಕವೊಂದರಲ್ಲಿ ಮನೆಗಳಿಗೆಲ್ಲ ಬೆಂಕಿ ತಾಗದ ಹೊದಿಕೆ ಇದೆ. ಆದ್ದರಿಂದ ಅಗ್ನಿಶಾಮಕ ದಳಕ್ಕೆ ಬೆಂಕಿ ಆರಿಸುವ ಕೆಲಸ ತಪ್ಪಿ, ಬಚ್ಚಿಟ್ಟ ಪುಸ್ತಕಗಳನ್ನು ಸುಡುವ ಕೆಲಸ ಬಂದಿದೆ. ಪುಸ್ತಕದ ಕಾಗದ ಹೊತ್ತಿಕೊಳ್ಳುವ ಉಷ್ಣಾಂಶವೆಂದು ಲೇಖಕರು ಹೇಳುವ ಅಂಕಿಯೇ ಶೀರ್ಷಿಕೆ. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಅದು ಸುಮಾರು 233 ಡಿಗ್ರಿ. ಆ ದಳದ ನೌಕರ ಗೈ ಮೊಂಟಾಗ್ ತನ್ನ ಕೆಲಸವನ್ನು ಮೆಚ್ಚಿಕೊಂಡೇ ಮಾಡುತ್ತಿರುವವನು. ಒಂದು ರಾತ್ರಿ ಪಕ್ಕದ ಮನೆಗೆ ಹೊಸದಾಗಿ ಬಂದ ಹದಿನೇಳರ ಹುಡುಗಿ ಕ್ಲಾರಿಸ್ ಅವನ ಜೊತೆ ನಡೆದುಬಂದು, ಮನೆಯೊಳಕ್ಕೆ ಹೋಗುವ ಮುನ್ನ ‘ನೀವು ಸುಖವಾಗಿದ್ದೀರಾ?’ ಎಂದು ಕೇಳುತ್ತಾಳೆ. ಅವನು ಮನಸ್ಸಿನಲ್ಲೇ ಆ ಪ್ರಶ್ನೆಯನ್ನು ತಳ್ಳಿಹಾಕುತ್ತ ಮನೆಗೆ ಬಂದರೆ, ಹೆಂಡತಿ ಮಿಲ್ಡ್ರೆಡ್ ಒಂದು ಶೀಸೆ ನಿದ್ರೆ ಮಾತ್ರೆಗಳನ್ನು ನುಂಗಿ ಮಲಗಿದ್ದಾಳೆ. ಕರೆ ಮಾಡಿದಾಗ ಬರುವವರು ವೈದ್ಯರಲ್ಲ, ಯಂತ್ರ ಹೊತ್ತು ತಂದ ಇಬ್ಬರು ಕೆಲಸಗಾರರು. ಇಂಥ ಪ್ರಕರಣಗಳು ಒಂದು ರಾತ್ರಿಗೆ ಒಂಬತ್ತೋ ಹತ್ತೋ ಬರುತ್ತವೆ, ಇದಕ್ಕೆಲ್ಲ ಡಾಕ್ಟರು ಯಾಕೆ ಎಂದು ಅವರು ಹೇಳಿ ಹೋಗುತ್ತಾರೆ. ಬೆಳಿಗ್ಗೆ ಎದ್ದ ಮಿಲ್ಡ್ರೆಡ್‌ಗೆ ಏನೂ ನೆನಪಿಲ್ಲ, ಹೊಟ್ಟೆ ಹಸಿವು ಮಾತ್ರ ಇದೆ.

ಮಿಲ್ಡ್ರೆಡ್ ಪಾತ್ರವನ್ನು ಗಮನವಿಟ್ಟು ಓದಬೇಕು. ಅವಳ ನಡುಮನೆಯ ಮೂರು ಗೋಡೆಗಳು ಪೂರಾ ಟೆಲಿವಿಷನ್ ಪರದೆಗಳಾಗಿವೆ. ನಾಲ್ಕನೆಯದಕ್ಕೂ ಪರದೆ ಹಾಕಿಸಬೇಕೆಂಬುದು ಅವಳ ಆಸೆ, ಅದರ ಬೆಲೆ ಗಂಡನ ವರ್ಷದ ಸಂಬಳದ ಮೂರನೆಯ ಒಂದು ಭಾಗ. ಗೋಡೆಯ ಮೇಲಿನ ಪಾತ್ರಗಳನ್ನು ಅವಳು ತನ್ನ ‘ಕುಟುಂಬ’ ಎನ್ನುತ್ತಾಳೆ. ಅವಳಿಗೆ ಅಂಚೆಯಲ್ಲಿ ನಾಟಕದ ಪ್ರತಿಯೊಂದು ಬರುತ್ತದೆ. ಅದರಲ್ಲಿ ಒಂದು ಪಾತ್ರದ ಮಾತುಗಳನ್ನಷ್ಟೇ ಖಾಲಿ ಬಿಟ್ಟಿರುತ್ತಾರೆ, ಪರದೆಯ ಮೇಲಿನವರೆಲ್ಲ ಅವಳ ಕಡೆ ತಿರುಗಿ ನಿನ್ನ ಅಭಿಪ್ರಾಯವೇನು ಎಂದು ಕೇಳಿದಾಗ ಅವಳು ಆ ಮಾತನ್ನು ಆಡಬೇಕು. ಆ ಮಾತುಗಳಾದರೂ ಏನು? ಚೆನ್ನಾಗಿದೆ ಎಂಬುದು ಒಂದು, ಹೌದು ಹೌದು ಎಂಬುದು ಇನ್ನೊಂದು. ಅಭಿಪ್ರಾಯ ಕೇಳಿದ ಶಾಸ್ತ್ರವೂ ಆಯಿತು, ಒಪ್ಪಿಗೆ ಮೊದಲೇ ಅಚ್ಚಾಗಿ ಬಂದಿದ್ದೂ ಆಯಿತು. 1953ರಲ್ಲಿ ಬಂದ ಕಾದಂಬರಿಯಲ್ಲಿ ಗೋಡೆಯಗಲದ ಪರದೆ, ಕಿವಿಯೊಳಗೆ ಇಟ್ಟುಕೊಳ್ಳುವ ಪುಟ್ಟ ರೇಡಿಯೊ ಎಲ್ಲ ಇರುವುದನ್ನು ಕಂಡು ಲೇಖಕರನ್ನು ಕಾಲಜ್ಞಾನಿಯೆಂದು ಕೊಂಡಾಡುವವರಿದ್ದಾರೆ. ನನಗೆ ಆ ಉಪಕರಣಗಳ ಭವಿಷ್ಯವಾಣಿಯಲ್ಲಿ ಅಷ್ಟಾಗಿ ಆಸಕ್ತಿಯಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಹೌದು ಎಂದು ತುಂಬುವುದನ್ನೇ ಪಾಲ್ಗೊಳ್ಳುವಿಕೆ ಎಂದು ನಂಬಿಸುವ ವ್ಯವಸ್ಥೆಯನ್ನು ಅವರು ಕಂಡದ್ದು ದೊಡ್ಡದು.

ಕಾದಂಬರಿಯ ವೈಚಾರಿಕ ಕೇಂದ್ರವೆಂದರೆ ದಳದ ಕ್ಯಾಪ್ಟನ್ ಬೀಟಿಯ ದೀರ್ಘವಾದ ಮಾತು. ಪುಸ್ತಕಗಳ ಜೊತೆಯಲ್ಲಿ ತಾನೂ ಉರಿದುಹೋಗುವುದನ್ನೇ ಆರಿಸಿಕೊಂಡ ಮುದುಕಿಯೊಬ್ಬಳನ್ನು ಕಣ್ಣಾರೆ ಕಂಡ ಮೊಂಟಾಗ್ ಮಾರನೆಯ ದಿನ ಕೆಲಸಕ್ಕೆ ಹೋಗದೆ ಮಲಗಿದಾಗ, ಬೀಟಿ ಅವನ ಮನೆಗೇ ಬಂದು ಈ ಲೋಕ ಹೀಗಾದದ್ದು ಹೇಗೆಂಬ ಇತಿಹಾಸವನ್ನು ವಿವರಿಸುತ್ತಾನೆ. ಇದು ಮೇಲಿನಿಂದ ಬಂದದ್ದಲ್ಲ, ಮೊದಲಿಗೆ ಆಜ್ಞೆಯೂ ಇರಲಿಲ್ಲ, ನಿಷೇಧವೂ ಇರಲಿಲ್ಲ ಎಂಬುದು ಅವನ ಪೀಠಿಕೆ. ಜನ ಹೆಚ್ಚಾದರು, ವೇಗ ಹೆಚ್ಚಾಯಿತು, ಎಲ್ಲರಿಗೂ ಹಿಡಿಸುವಂತೆ ಹೇಳಬೇಕಾದಾಗ ಹೇಳುವುದು ತೆಳುವಾಯಿತು. ದೊಡ್ಡ ಕೃತಿಗಳು ಮೊದಲು ಹದಿನೈದು ನಿಮಿಷದ ರೇಡಿಯೊ ಕಾರ್ಯಕ್ರಮಗಳಾದವು, ಆಮೇಲೆ ಎರಡು ನಿಮಿಷದಲ್ಲಿ ಓದಿ ಮುಗಿಸಬಹುದಾದ ಅಂಕಣಗಳಾದವು, ಕೊನೆಗೆ ನಿಘಂಟಿನಲ್ಲಿ ಹತ್ತು ಹನ್ನೆರಡು ಸಾಲಿನ ಟಿಪ್ಪಣಿಯಾಗಿ ಉಳಿದವು. ‘ಹ್ಯಾಮ್ಲೆಟ್’ ನಾಟಕವನ್ನು ಒಂದು ಪುಟದ ಸಾರಾಂಶದಲ್ಲಿ ಮಾತ್ರ ಬಲ್ಲವರು ಅದನ್ನು ಓದಿದ್ದೇವೆಂದೇ ತಿಳಿದರು. ಅಂಥ ಸಾರಾಂಶಗಳನ್ನು ಮಾರುವವರು ನೆರೆಮನೆಯವರಿಗೆ ಸರಿಸಮ ನಿಲ್ಲಿ ಎಂದು ಜಾಹೀರಾತು ಕೊಟ್ಟರು. ಜ್ಞಾನದ ಆಸೆಯಿಂದಲ್ಲ, ಪಕ್ಕದವನಿಗಿಂತ ಕಡಿಮೆಯಾದೇನೆಂಬ ಅಳುಕಿನಿಂದ ಕೊಂಡ ಸಾರಾಂಶ ಅದು.

ಇಲ್ಲಿಯವರೆಗಿನದು ನಮಗೇನೂ ಅಪರಿಚಿತವಲ್ಲ. ಪಠ್ಯವಾಗಿ ಇಟ್ಟ ಕಾದಂಬರಿಯ ಬದಲು ಅದರ ಗೈಡನ್ನು ಕೊಳ್ಳುವುದು, ಗೈಡೂ ದಪ್ಪವೆನಿಸಿದರೆ ಐದು ಅಂಕದ ಪ್ರಶ್ನೆಗೆ ಬೇಕಾದಷ್ಟನ್ನು ಮೊಬೈಲಿನಲ್ಲಿ ಹಂಚಿಕೊಳ್ಳುವುದು ನಮ್ಮ ಕಾಲೇಜುಗಳ ದಿನಚರಿ. ಇದಕ್ಕೆ ವಿದ್ಯಾರ್ಥಿಗಳನ್ನು ಬೈದು ಫಲವಿಲ್ಲ. ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುವವರು ಸಾರಾಂಶವನ್ನೇ ಕೇಳುತ್ತಿರುವಾಗ ಅವರು ಮೂಲವನ್ನು ಓದಲೇಬೇಕೆಂದು ಹೇಳುವ ನೈತಿಕ ಹಕ್ಕು ನಮ್ಮಂಥವರಿಗೆ ಉಳಿದಿಲ್ಲ. ತನ್ನ ಶಾಲೆಯ ಬಗ್ಗೆ ಕ್ಲಾರಿಸ್ ಆಡುವ ದೂರೂ ಇದೇ: ಅಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ, ಉತ್ತರಗಳು ಮಾತ್ರ ಒಂದರ ಹಿಂದೊಂದು ಬಂದು ಬೀಳುತ್ತವೆ. ಮಳೆಯ ರುಚಿ ನೋಡುವ, ನಡೆದುಕೊಂಡು ಊರು ಸುತ್ತುವ ಅವಳಿಗೆ ಸಮಾಜದೊಡನೆ ಬೆರೆಯದವಳು ಎಂಬ ಹಣೆಪಟ್ಟಿ ಬಿದ್ದಿದೆ. ನೋಡಿದರೆ ಇಡೀ ಕಾದಂಬರಿಯಲ್ಲಿ ಎದುರಿನವರ ಮುಖ ನೋಡಿ ಮಾತಾಡುವವಳು ಅವಳೊಬ್ಬಳೇ.

ಬೀಟಿ ಮುಂದುವರಿಯುತ್ತಾನೆ. ತರಗತಿಯಲ್ಲಿ ಎಲ್ಲದಕ್ಕೂ ಕೈ ಎತ್ತುವ ಬುದ್ಧಿವಂತ ಹುಡುಗನನ್ನು ಉಳಿದವರು ದ್ವೇಷಿಸುತ್ತಿದ್ದರಲ್ಲವೇ, ಶಾಲೆ ಬಿಟ್ಟಮೇಲೆ ಹೊಡೆಯುತ್ತಿದ್ದುದು ಅವನನ್ನೇ ಅಲ್ಲವೇ ಎಂದು ನೆನಪಿಸುತ್ತಾನೆ. ಯಾರೂ ಯಾರಿಗಿಂತ ಎತ್ತರದಲ್ಲಿ ಕಾಣಿಸಬಾರದು. ಸಂವಿಧಾನ ಹೇಳುವಂತೆ ಎಲ್ಲರೂ ಸಮಾನರಾಗಿ ಹುಟ್ಟಿದವರು ಎಂದಲ್ಲ, ಎಲ್ಲರನ್ನೂ ಕತ್ತರಿಸಿ ಸಮಾನರನ್ನಾಗಿ ಮಾಡಬೇಕು, ಆಗ ಯಾರಿಗೂ ಹೊಟ್ಟೆಕಿಚ್ಚಿಲ್ಲ ಎನ್ನುವುದು ಅವನ ವಾದ. ಸಮಾನತೆ ಎಂಬ ಒಳ್ಳೆಯ ಆಶಯವನ್ನು ಏಕರೂಪತೆಯ ಕತ್ತರಿಯನ್ನಾಗಿ ಮಾಡಿಕೊಳ್ಳುವ ಈ ಜಾಣತನವನ್ನು ಗುರುತಿಸದೆ ಹೋದರೆ ಬೀಟಿ ಹೇಳುವುದೆಲ್ಲ ಸರಿಯೆಂದೇ ತೋರುತ್ತದೆ. ಇದಾದ ಮೇಲೆ ಅವನು ಆಡುವ ಇನ್ನೊಂದು ಮಾತು ಹೆಚ್ಚು ಅಪಾಯದ್ದು: ಜನರ ತಲೆಗೆ ಬೆಂಕಿ ಹತ್ತದಂಥ ಮಾಹಿತಿಯನ್ನು ತುಂಬಬೇಕು. ರಾಜಧಾನಿಗಳ ಹೆಸರು ಯಾವುವು, ಕಳೆದ ವರ್ಷ ಅಯೋವಾದಲ್ಲಿ ಮೆಕ್ಕೆಜೋಳ ಎಷ್ಟು ಬೆಳೆಯಿತು, ಜನಪ್ರಿಯ ಹಾಡಿನ ಸಾಲು ಯಾವುದು ಎಂದು ಸ್ಪರ್ಧೆ ಏರ್ಪಡಿಸಿ ಬಹುಮಾನ ಕೊಟ್ಟರೆ, ಅವರಿಗೆ ತಾವು ಯೋಚಿಸುತ್ತಿದ್ದೇವೆ ಎಂಬ ತೃಪ್ತಿ ಸಿಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ನಡೆಸುವ ನಮ್ಮ ಹುಡುಗ ಹುಡುಗಿಯರಿಗೆ ಸಾಮಾನ್ಯ ಜ್ಞಾನದ ಪುಸ್ತಕ ಅನ್ನದ ದಾರಿ, ಅದನ್ನು ಹಗುರವಾಗಿ ಕಾಣುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೆ ಆ ಪುಸ್ತಕದ ಯಾವ ಉತ್ತರವೂ ಇನ್ನೊಂದು ಪ್ರಶ್ನೆಯನ್ನು ಹುಟ್ಟಿಸುವುದಿಲ್ಲ ಎಂಬುದೂ ನಿಜ.

ಗಮನಿಸಬೇಕಾದ ಸಂಗತಿಯೆಂದರೆ, ಇಡೀ ಕಾದಂಬರಿಯಲ್ಲಿ ಬೀಟಿಯಷ್ಟು ಓದಿಕೊಂಡವನು ಮತ್ತೊಬ್ಬನಿಲ್ಲ. ಅವನ ಬಾಯಿಂದ ಕವಿಗಳ ಸಾಲುಗಳು ಪುಂಖಾನುಪುಂಖವಾಗಿ ಹೊರಡುತ್ತವೆ; ಒಂದು ಪುಸ್ತಕವನ್ನು ಇನ್ನೊಂದರಿಂದ ಹೊಡೆದು ಎರಡನ್ನೂ ನಿಷ್ಪ್ರಯೋಜಕವೆಂದು ತೋರಿಸುವುದು ಅವನ ಕಲೆ. ಓದಿದವರೆಲ್ಲ ಸ್ವತಂತ್ರವಾಗಿ ಯೋಚಿಸುವವರು ಎಂಬ ಸುಲಭದ ನಂಬಿಕೆಗೆ ಲೇಖಕರು ಇಲ್ಲಿ ಅವಕಾಶ ಕೊಡುವುದಿಲ್ಲ. ನಿವೃತ್ತ ಪ್ರಾಧ್ಯಾಪಕ ಫೇಬರ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತಾನೆ. ನಿನಗೆ ಬೇಕಾಗಿರುವುದು ಪುಸ್ತಕಗಳಲ್ಲ, ಪುಸ್ತಕಗಳಲ್ಲಿ ಒಂದು ಕಾಲಕ್ಕೆ ಇದ್ದದ್ದು ಎಂದು ಹೇಳಿ ಅವನು ಮೂರು ಅಗತ್ಯಗಳನ್ನು ಮುಂದಿಡುತ್ತಾನೆ: ಬದುಕಿನ ಒರಟುತನವನ್ನು ಮುಚ್ಚಿಡದ ಗಟ್ಟಿಯಾದ ವಿವರ, ಅದನ್ನು ಅರಗಿಸಿಕೊಳ್ಳಲು ಬಿಡುವು, ಮತ್ತು ಇವೆರಡರಿಂದ ತಿಳಿದುಕೊಂಡದ್ದರಂತೆ ನಡೆಯುವ ಹಕ್ಕು. ಬಿಡುವು ನಮಗಿದೆಯಲ್ಲ ಎಂದು ಮೊಂಟಾಗ್ ಹೇಳಿದಾಗ, ಕೆಲಸವಿಲ್ಲದ ಹೊತ್ತು ಇದೆ, ಯೋಚಿಸುವ ಹೊತ್ತು ಎಲ್ಲಿದೆ ಎಂದು ಫೇಬರ್ ಕೇಳುತ್ತಾನೆ. ಈ ಫೇಬರ್ ವೀರನೂ ಅಲ್ಲ. ಮಾತಾಡಬೇಕಾಗಿದ್ದ ಕಾಲದಲ್ಲಿ ತಾನು ಬಾಯಿ ಮುಚ್ಚಿಕೊಂಡಿದ್ದೆನೆಂದು ತಾನೇ ಒಪ್ಪಿಕೊಳ್ಳುವ ಅಂಜುಬುರುಕ. ಉಪನ್ಯಾಸಕರಿಗೆ ಕಾದಂಬರಿಯಲ್ಲಿ ಸಿಗುವ ಕನ್ನಡಿ ಇದೇ ಎನ್ನಬೇಕು.

ಬ್ರಾಡ್‌ಬರಿಯವರಿಗೆ ಈ ಕಳವಳ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಅವರ ಕಾಲದಲ್ಲಿದೆ. 1920ರಲ್ಲಿ ಹುಟ್ಟಿದ ಅವರು ಹೈಸ್ಕೂಲು ಮುಗಿಸಿದ ಮೇಲೆ ಕಾಲೇಜಿಗೆ ಹೋಗಲಿಲ್ಲ. ಸಾರ್ವಜನಿಕ ಗ್ರಂಥಾಲಯಗಳೇ ಅವರ ವಿದ್ಯಾಲಯ. 1933ರ ಮೇ 10ರಂದು ಬರ್ಲಿನ್ನಿನಲ್ಲಿ ನಾಜಿ ವಿದ್ಯಾರ್ಥಿ ಸಂಘಟನೆಗಳು ಸಾವಿರಾರು ಪುಸ್ತಕಗಳನ್ನು ಸುಟ್ಟ ಸುದ್ದಿ ಅವರ ಹದಿಹರೆಯವನ್ನು ಕಲಕಿತ್ತು. ಐವತ್ತರ ದಶಕದ ಆರಂಭದಲ್ಲಿ ಕಮ್ಯುನಿಸ್ಟರ ಬೇಟೆಗಿಳಿದ ಸೆನೆಟರ್ ಮೆಕಾರ್ಥಿಯ ಆರ್ಭಟದ ನಡುವೆ ಅಮೆರಿಕದಲ್ಲೇ ಲೇಖಕರು, ಅಧ್ಯಾಪಕರು, ಸಿನಿಮಾದವರು ತಮ್ಮ ದೇಶನಿಷ್ಠೆಯನ್ನು ಸಾಬೀತುಪಡಿಸಬೇಕಾದ ಸ್ಥಿತಿ ಬಂತು. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಅರ್ಧ ಗಂಟೆಗೆ ಹತ್ತು ಸೆಂಟು ಬಾಡಿಗೆಯ ಟೈಪ್‌ರೈಟರುಗಳ ಮುಂದೆ ಕುಳಿತು ಅವರು ಬರೆದ ಮೊದಲ ರೂಪ 1951ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದನ್ನು ಹಿಗ್ಗಿಸಿದ ಕಾದಂಬರಿ 1953ರಲ್ಲಿ ಬಂತು. ಸುತ್ತ ಕಪಾಟುಗಳಲ್ಲಿ ಪುಸ್ತಕಗಳಿದ್ದ ಕಟ್ಟಡದಲ್ಲೇ ಪುಸ್ತಕ ಸುಡುವವರ ಕಥೆ ಹುಟ್ಟಿದ್ದು ಹೀಗೆ.

ಈ ಕಾದಂಬರಿ ಕಟ್ಟಿಕೊಡುವ ಏಕರೂಪತೆ ನಮ್ಮ ಊರುಗಳದ್ದಕ್ಕಿಂತ ಬೇರೆಯದು. ಕ್ಲಾರಿಸ್ ಒಂದು ಕಡೆ ತನ್ನ ಚಿಕ್ಕಪ್ಪನ ಮಾತನ್ನು ನೆನೆಯುತ್ತಾಳೆ: ಹಿಂದೆ ಮನೆಗಳಿಗೆ ಮುಂಭಾಗದಲ್ಲಿ ಜಗುಲಿಗಳಿದ್ದವು, ಜನ ಅಲ್ಲಿ ಕುಳಿತು ಮಾತಾಡುತ್ತಿದ್ದರು, ಇಲ್ಲವೇ ಸುಮ್ಮನೆ ಕುಳಿತು ಯೋಚಿಸುತ್ತಿದ್ದರು; ಅಂದ ಕೆಡುತ್ತದೆ ಎಂಬ ನೆಪ ಹೇಳಿ ಅವನ್ನು ಕಿತ್ತುಹಾಕಿದರು, ನಿಜವಾದ ಕಾರಣವೆಂದರೆ ಜನ ಹಾಗೆ ಕೂರುವುದು ಬೇಕಿರಲಿಲ್ಲ. ತುಮಕೂರು, ಮಧುಗಿರಿ, ಶಿರಾ ಕಡೆಯ ಹಳೆಯ ಬೀದಿಗಳಲ್ಲಿ ಜಗುಲಿ ಕಟ್ಟೆಯ ಮೇಲೆ ಕುಳಿತು ಬೆಳೆದವರಿಗೆ ಈ ಸಾಲು ನೇರವಾಗಿ ತಟ್ಟುತ್ತದೆ. ಆದರೆ ನಮ್ಮ ಜಗುಲಿ ಮಾತಿನ ತಾಣವಾಗಿದ್ದಂತೆ ಕಾವಲಿನ ತಾಣವೂ ಆಗಿತ್ತು ಎಂಬುದನ್ನು ಮರೆಯಬಾರದು. ಯಾರ ಮನೆಯ ಹುಡುಗಿ ಯಾರ ಜೊತೆ ಬಂದಳು, ಯಾವ ಕೇರಿಯವನು ಯಾವ ಬೀದಿಗೆ ಕಾಲಿಟ್ಟ ಎಂಬ ಲೆಕ್ಕ ಬರೆಯದೆಯೇ ದಾಖಲಾಗುತ್ತಿದ್ದುದು ಅಲ್ಲಿಯೇ. ಮೊಂಟಾಗನ ಊರಿನಲ್ಲಿ ಯಾರಿಗೂ ಯಾರ ಪರಿಚಯವಿಲ್ಲ, ಒಂಟಿತನವೇ ಜನರನ್ನು ಒಂದೇ ತರಹ ಮಾಡಿದೆ. ನಮ್ಮಲ್ಲಿ ‘ನಾಲ್ಕು ಜನ ಏನಂದಾರು’ ಎಂಬ ಒಂದು ಮಾತು ಆ ಕೆಲಸವನ್ನು ಮಾಡುತ್ತದೆ, ಅದಕ್ಕೆ ಪರದೆಯೂ ಬೇಡ, ದಳವೂ ಬೇಡ. ಆದ್ದರಿಂದ ಈ ಕಾದಂಬರಿಯನ್ನು ಓದುವ ನಮ್ಮವರು ಅದರ ನಕಾಶೆಯನ್ನು ಯಥಾವತ್ತಾಗಿ ನಮ್ಮ ನೆಲದ ಮೇಲೆ ಹಾಸಲಾಗದು.

ಹೊಂದದ ಇನ್ನೊಂದು ಕಡೆಯೂ ಇದೆ, ಅದು ಹೆಚ್ಚು ಗಂಭೀರವಾದದ್ದು. ಪುಸ್ತಕಗಳು ಸಪ್ಪೆಯಾದದ್ದಕ್ಕೆ ಬೀಟಿ ಕೊಡುವ ಕಾರಣಗಳಲ್ಲಿ ಅಲ್ಪಸಂಖ್ಯಾತ ಗುಂಪುಗಳ ಒತ್ತಡವೂ ಒಂದು. ಪ್ರತಿಯೊಂದು ಗುಂಪೂ ತನಗೆ ನೋವಾಯಿತೆಂದಾಗ ಪುಟಗಳು ಒಂದೊಂದಾಗಿ ಹೋದವೆನ್ನುತ್ತಾನೆ. ಬೀಟಿ ಖಳನೆಂದು ಇದನ್ನು ಪಕ್ಕಕ್ಕಿಡುವಂತಿಲ್ಲ, ಮುಂದೆ ಬ್ರಾಡ್‌ಬರಿಯವರೇ ತಮ್ಮ ದನಿಯಲ್ಲಿ ಇದಕ್ಕೆ ಹತ್ತಿರದ ಅಸಮಾಧಾನವನ್ನು ಬರೆದರು. ಕರ್ನಾಟಕದ ಅನುಭವವನ್ನು ಇದರ ಎದುರಿಗೆ ಇಟ್ಟು ನೋಡಬೇಕು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ನೋವಾಯಿತೆಂದು ಬೀದಿಗಿಳಿದವರು ಬಲಹೀನರಲ್ಲ. ಅಧಿಕಾರ ಕಳೆದುಕೊಂಡದ್ದು ಆ ಮಾತಾಡಿದ ದಲಿತ ನಾಯಕ. ಆ ಗದ್ದಲದ ನಂತರವೇ ದಲಿತ ಚಳವಳಿ ಬಲಗೊಂಡು, ಅಲ್ಲಿಯವರೆಗೆ ಪುಟಗಳಲ್ಲಿ ಜಾಗವೇ ಇಲ್ಲದಿದ್ದ ಬದುಕುಗಳು ಕನ್ನಡಕ್ಕೆ ಬಂದವು. ತುಮಕೂರನ್ನು ನೆಲೆಯಾಗಿಸಿಕೊಂಡಿದ್ದ ಕವಿ ಕೆ.ಬಿ. ಸಿದ್ದಯ್ಯನವರ ‘ದಕ್ಲಕಥಾ ದೇವಿ’ಯಂಥ ಕಾವ್ಯದ ಹಿಂದಿರುವ ಲೋಕವನ್ನು ಯಾರೂ ಸುಟ್ಟಿರಲಿಲ್ಲ, ಏಕೆಂದರೆ ಅದನ್ನು ಯಾರೂ ಬರೆಯಲು ಬಿಟ್ಟೇ ಇರಲಿಲ್ಲ. ಬರೆದದ್ದನ್ನು ಅಳಿಸು ಎನ್ನುವವರನ್ನೂ ನಮ್ಮನ್ನು ಬರೆಯದೆ ಬಿಟ್ಟಿದ್ದೀರಿ ಎನ್ನುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೀಟಿಯ ವಾದದ ದೊಡ್ಡ ದೋಷ. ಅದರ ಸ್ವಲ್ಪ ಪಾಲು ಲೇಖಕರಿಗೂ ಸಲ್ಲುತ್ತದೆ. ಹೆಣ್ಣು ಪಾತ್ರಗಳ ವಿಷಯದಲ್ಲೂ ಅವರು ಜಿಪುಣರು: ಕ್ಲಾರಿಸ್ ನಾಯಕನನ್ನು ಎಚ್ಚರಿಸಿದ ಕೂಡಲೇ ಕಥೆಯಿಂದ ಮಾಯವಾಗುತ್ತಾಳೆ.

ಮೊಂಟಾಗ್ ದಳದವರ ಕೈಯಿಂದ ತಪ್ಪಿಸಿಕೊಂಡು ಓಡುವ ಭಾಗವನ್ನು ಇಲ್ಲಿ ವಿವರಿಸಬೇಕಿಲ್ಲ. ಒಂದು ಗಳಿಗೆಯನ್ನು ಮಾತ್ರ ಹೇಳಬೇಕು. ಓಡುತ್ತಿರುವವನನ್ನು ಹಿಡಿಯಲು, ಹತ್ತು ಎಣಿಸುವಷ್ಟರಲ್ಲಿ ಎಲ್ಲರೂ ಒಟ್ಟಿಗೆ ಬಾಗಿಲು ತೆರೆದು ಹೊರಗೆ ನೋಡಬೇಕೆಂದು ಟೆಲಿವಿಷನ್ ಹೇಳುತ್ತದೆ, ಊರಿಗೆ ಊರೇ ಎದ್ದು ನಿಲ್ಲುತ್ತದೆ. ಅವನು ಸಿಗದಿದ್ದಾಗ, ಪ್ರೇಕ್ಷಕರಿಗೆ ಬೇಸರವಾಗದಂತೆ, ಬೆಳಗಿನ ಜಾವ ಒಬ್ಬನೇ ನಡೆದಾಡುವ ಅಭ್ಯಾಸವಿದ್ದ ಅಮಾಯಕನೊಬ್ಬನನ್ನು ಹಿಡಿದು ಇವನೇ ಮೊಂಟಾಗ್ ಎಂದು ಕೊಂದು ಮುಗಿಸುತ್ತಾರೆ. ಗುಂಪಿನ ಜೊತೆ ನಡೆಯದವನನ್ನು ಮೊದಲೇ ಗುರುತಿಟ್ಟುಕೊಂಡಿದ್ದರು, ಬೇಕಾದಾಗ ಬಳಸಿದರು.

ನದಿ ದಾಟಿ ಹೋದ ಮೊಂಟಾಗನಿಗೆ ಹಳೆಯ ರೈಲು ಹಳಿಗಳ ಬಳಿ ಬೆಂಕಿ ಕಾಯಿಸಿಕೊಳ್ಳುತ್ತಿರುವ ಕೆಲವರು ಸಿಗುತ್ತಾರೆ. ಒಬ್ಬೊಬ್ಬರೂ ಒಂದೊಂದು ಕೃತಿಯನ್ನು ಪೂರ್ತಿಯಾಗಿ ನೆನಪಿನಲ್ಲಿ ಇಟ್ಟುಕೊಂಡವರು. ಕಾಗದವನ್ನು ಸುಟ್ಟರೂ ಕೃತಿ ಉಳಿಯಬೇಕೆಂಬುದು ಅವರ ಹಟ. ಪಶ್ಚಿಮದ ಓದುಗರಿಗೆ ಇದು ಬೆರಗಿನ ಕಲ್ಪನೆ. ನಮಗೆ ಇದು ಕಲ್ಪನೆಯೇ ಅಲ್ಲ. ಶಿರಾ ಸೀಮೆಯ ಪಶುಪಾಲಕರಾದ ಕಾಡುಗೊಲ್ಲರ ಹಟ್ಟಿಗಳಲ್ಲಿ ಅವರ ದೈವ ಜುಂಜಪ್ಪನ ಕಾವ್ಯ ಗಣೆಯೆಂಬ ಕೊಳಲಿನ ದನಿಯ ಜೊತೆ ತಲೆಮಾರುಗಳನ್ನು ದಾಟಿ ಬಂದದ್ದು ಯಾವ ಕಪಾಟಿನ ನೆರವಿನಿಂದಲೂ ಅಲ್ಲ. ಕುಮಾರವ್ಯಾಸನ ಭಾರತದ ಸಂಧಿಗಳನ್ನು ಪುಸ್ತಕ ನೋಡದೆ ವಾಚಿಸುವ ಗಮಕಿಗಳು ನಮ್ಮ ಹಳ್ಳಿಗಳಲ್ಲಿ ಇದ್ದರು. ಹಾಗೆಂದು ನೆನಪೇ ಪ್ರತಿರೋಧವೆಂದು ಹೆಮ್ಮೆಪಡುವಂತಿಲ್ಲ. ಜುಂಜಪ್ಪನನ್ನು ಜೋಪಾನ ಮಾಡಿದ ಹಟ್ಟಿಗಳಲ್ಲೇ ಮುಟ್ಟಾದವರನ್ನೂ ಬಾಣಂತಿಯರನ್ನೂ ಹೊರಗಿಡುವ ಪದ್ಧತಿಯೂ ಜೋಪಾನವಾಗಿ ಉಳಿದುಬಂತು, ಅದನ್ನು ಪ್ರಶ್ನಿಸಲು ಕಾನೂನೂ ಹೋರಾಟಗಳೂ ಬೇಕಾದವು. ಪರೀಕ್ಷೆಗೆಂದು ಉರು ಹೊಡೆಯುವವನದ್ದೂ ನೆನಪೇ, ಬೀಟಿಯದ್ದೂ ನೆನಪೇ. ರೈಲು ಹಳಿಯ ಬಳಿಯವರು ಇವರಿಂದ ಬೇರೆಯಾಗುವುದು ಒಂದು ಕಾರಣಕ್ಕೆ: ಅವರು ಹೊತ್ತ ಪುಸ್ತಕಗಳು ಒಂದನ್ನೊಂದು ಒಪ್ಪುವುದಿಲ್ಲ, ಆದರೂ ಹೊತ್ತವರು ಒಂದೇ ಬೆಂಕಿಯ ಸುತ್ತ ಕುಳಿತಿದ್ದಾರೆ. ತಮಗೆ ವೈಯಕ್ತಿಕವಾಗಿ ಯಾವ ಮಹತ್ವವೂ ಇಲ್ಲ, ತಾವು ಕೇವಲ ಪುಸ್ತಕದ ಹೊದಿಕೆಗಳು ಎಂದು ಅವರ ಮುಂದಾಳು ಗ್ರೇಂಜರ್ ಹೇಳುತ್ತಾನೆ. ಬೀಟಿ ಒಂದು ಪುಸ್ತಕದಿಂದ ಇನ್ನೊಂದನ್ನು ಕೊಲ್ಲುತ್ತಿದ್ದ. ಇವರು ಎರಡನ್ನೂ ಬದುಕಗೊಟ್ಟಿದ್ದಾರೆ.

ಕಾದಂಬರಿಯಿಂದಾಚೆ ನಡೆದ ಘಟನೆಯೊಂದು ಬೀಟಿಯ ಇತಿಹಾಸಕ್ಕೆ ಸಾಕ್ಷಿ ನುಡಿಯುವಂತಿದೆ. 1967ರಲ್ಲಿ ಇದರ ಪ್ರಕಾಶಕರಾದ ಬ್ಯಾಲಂಟೈನ್ ಸಂಸ್ಥೆಯವರು ಹೈಸ್ಕೂಲು ಮಕ್ಕಳಿಗಾಗಿ ಒಂದು ಆವೃತ್ತಿಯನ್ನು ತಂದರು. ಅದರಲ್ಲಿ ಬೈಗುಳದ ಪದಗಳನ್ನೂ ಗರ್ಭಪಾತದ ಪ್ರಸ್ತಾಪವನ್ನೂ ತೆಗೆದರು. ಕುಡಿದವನೊಬ್ಬನನ್ನು ಕಾಯಿಲೆಯವನನ್ನಾಗಿ ಮಾಡಿದರು. ಹೊಕ್ಕುಳು ಶುಚಿ ಮಾಡಿಕೊಳ್ಳುವ ಪ್ರಸ್ತಾಪವನ್ನು ಕಿವಿ ಶುಚಿ ಮಾಡಿಕೊಳ್ಳುವುದೆಂದು ತಿದ್ದಿದರು. ಹೀಗೆ ಎಪ್ಪತ್ತೈದರಷ್ಟು ಕಡೆಗಳಲ್ಲಿ ಕೈಯಾಡಿಸಿದ್ದನ್ನು ಲೇಖಕರಿಗೆ ತಿಳಿಸಲಿಲ್ಲ. ಯಾವ ಸರ್ಕಾರದ ಆಜ್ಞೆಯೂ ಇದರ ಹಿಂದೆ ಇರಲಿಲ್ಲ, ಯಾರಿಗಾದರೂ ಮುಜುಗರವಾದೀತೆಂಬ ಅಂಜಿಕೆಯಷ್ಟೇ ಇತ್ತು. 1973ರಿಂದ 1979ರವರೆಗೆ ಅಂಗಡಿಗಳಲ್ಲೂ ಈ ತಿದ್ದಿದ ಪಾಠವೇ ಮಾರಾಟವಾಯಿತು. ಪುಸ್ತಕಗಳ ಸೆನ್ಸಾರಿನ ಬಗ್ಗೆ ಬರೆದ ಪುಸ್ತಕವೇ ಸೆನ್ಸಾರಾಗಿದೆಯಲ್ಲ ಎಂದು ಬ್ರಾಡ್‌ಬರಿಯವರಿಗೆ ಪತ್ರ ಬರೆದವರು ವಿದ್ಯಾರ್ಥಿಗಳು. ಲೇಖಕರು ಹಟ ಹಿಡಿದು ಕೂತ ಮೇಲೆ 1980ರಲ್ಲಿ ಮೂಲ ಪಾಠ ಮತ್ತೆ ಅಚ್ಚಾಯಿತು.